ಕಾಲು ಮೈಲಿಯ ಓಟ ಮತ್ತು ಹಲ್ಲುಚಕ್ರಗಳ ಲೆಕ್ಕ

ಸರಕು ತುಂಬಿದ ಲಾರಿಯೊಂದು ಘಟ್ಟದ ರಸ್ತೆಯನ್ನು ಏರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಎಂಜಿನು ಭೋರ್ಗರೆಯುತ್ತಿರುತ್ತದೆ, ಲಾರಿಯಾದರೋ ಏರು ಹತ್ತುವ ಎತ್ತಿನಂತೆ ಮೆಲ್ಲಮೆಲ್ಲನೆ ಸಾಗುತ್ತದೆ. ಅದೇ ಲಾರಿ ಸಮನೆಲಕ್ಕೆ ಬಂದ ಮೇಲೆ ಎಂಜಿನಿನ ಸದ್ದು ತಗ್ಗುತ್ತದೆ, ವೇಗ ಮಾತ್ರ ಹಲವು ಮಡಿ ಹೆಚ್ಚುತ್ತದೆ. ಎಂಜಿನು ಬದಲಾಗಲಿಲ್ಲ, ಇಂಧನ ಬದಲಾಗಲಿಲ್ಲ, ಚಾಲಕನೂ ಬದಲಾಗಲಿಲ್ಲ. ಬದಲಾದುದು ಎಂಜಿನಿಗೂ ಚಕ್ರಕ್ಕೂ ನಡುವಣ ಹಲ್ಲುಚಕ್ರಗಳ ಹೊಂದಾಣಿಕೆ. ಈ ಹೊಂದಾಣಿಕೆಯನ್ನು ಆರಿಸುವುದರಲ್ಲಿ ಎಷ್ಟು ವಿಚಾರ ಅಡಗಿದೆ ಎಂಬುದನ್ನು ತಿಳಿಯಬೇಕಾದರೆ ಅಮೆರಿಕದ ಒಂದು ಕ್ರೀಡೆಯತ್ತ ದೃಷ್ಟಿ ಹರಿಸುವುದು ಒಳ್ಳೆಯದು. ಅಲ್ಲಿ ಇಡೀ ಪ್ರಶ್ನೆಯು ಕಾಲು ಮೈಲಿ ದೂರಕ್ಕೂ ಹನ್ನೆರಡು ಹದಿಮೂರು ಸೆಕೆಂಡುಗಳ ಕಾಲಕ್ಕೂ ಅಡಕವಾಗಿದೆ.

ಆ ಕ್ರೀಡೆಯ ಹೆಸರು ಡ್ರ್ಯಾಗ್ ರೇಸು. ಅದರಲ್ಲಿ ತಿರುವುಗಳಿಲ್ಲ, ಸುತ್ತುಗಳಿಲ್ಲ. ಎರಡು ವಾಹನಗಳು ನೇರವಾದ ದಾರಿಯಲ್ಲಿ ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ಹಸಿರು ದೀಪ ಬೆಳಗಿದೊಡನೆ ಹೊರಡುತ್ತವೆ. ೧,೩೨೦ ಅಡಿ, ಎಂದರೆ ಸುಮಾರು ೪೦೨ ಮೀಟರುಗಳ ಆಚೆಗಿರುವ ಗೆರೆಯನ್ನು ಮೊದಲು ದಾಟಿದವನು ಗೆದ್ದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ದಕ್ಷಿಣ ಕ್ಯಾಲಿಫೋರ್ನಿಯದ ತರುಣರು ಹಳೆಯ ಕಾರುಗಳನ್ನು ತಿದ್ದಿ ತೀಡಿ ಸಾರ್ವಜನಿಕ ರಸ್ತೆಗಳಲ್ಲಿಯೇ ಇಂಥ ಪಂದ್ಯಗಳನ್ನು ಕಟ್ಟುತ್ತಿದ್ದರು. ಈ ಅಪಾಯವನ್ನು ತಪ್ಪಿಸಲು ಪ್ರತ್ಯೇಕ ದಾರಿಗಳು ಏರ್ಪಟ್ಟವು. ೧೯೫೦ರಲ್ಲಿ ಸಾಂಟಾ ಆನಾ ಎಂಬಲ್ಲಿ ವಿಮಾನ ನಿಲ್ದಾಣದ ಓಡುದಾರಿಯೇ ಪಂದ್ಯದ ಕಣವಾಯಿತು. ೧೯೫೧ರಲ್ಲಿ ವಾಲಿ ಪಾರ್ಕ್ಸ್ ಎಂಬವರು ರಾಷ್ಟ್ರೀಯ ಹಾಟ್ ರಾಡ್ ಸಂಘವನ್ನು ಸ್ಥಾಪಿಸಿದರು. ಆ ಸಂಘವು ೧೯೫೩ರಲ್ಲಿ ಪೊಮೋನಾದಲ್ಲಿ ತನ್ನ ಮೊದಲ ಅಧಿಕೃತ ಪಂದ್ಯವನ್ನೂ, ೧೯೫೫ರಲ್ಲಿ ಕ್ಯಾನ್ಸಸ್ ಪ್ರಾಂತದ ಗ್ರೇಟ್ ಬೆಂಡ್ ಎಂಬಲ್ಲಿ ಮೊದಲ ರಾಷ್ಟ್ರೀಯ ಪಂದ್ಯವನ್ನೂ ನಡೆಸಿತು. ಅತಿವೇಗದ ಕೆಲವು ವರ್ಗಗಳಿಗೆ ೨೦೦೮ರಿಂದ ದೂರವನ್ನು ೧,೦೦೦ ಅಡಿಗೆ ಇಳಿಸಿದ್ದರೂ ಉಳಿದ ಬಹುಪಾಲು ವಾಹನಗಳಿಗೆ ಕಾಲು ಮೈಲಿಯೇ ಇಂದಿಗೂ ಅಳತೆಗೋಲು.

ಈ ಕಣಕ್ಕೆ ಕಾರುಗಳಷ್ಟೇ ಅಲ್ಲದೆ ಟ್ರಕ್ಕುಗಳೂ ಇಳಿಯುವುದುಂಟು. ಟ್ರಕ್ಕು ಎಂದರೆ ನಮ್ಮ ದೊಡ್ಡ ಲಾರಿಯಲ್ಲ. ಮುಂದೆ ಇಬ್ಬರು ಮೂವರು ಕೂರಲು ಸ್ಥಳವಿದ್ದು ಹಿಂದೆ ತೆರೆದ ತೊಟ್ಟಿಯಿರುವ ಪಿಕಪ್ ವಾಹನ. ೧೯೯೮ರಿಂದ ೨೦೦೧ರ ವರೆಗೆ ರಾಷ್ಟ್ರೀಯ ಪಂದ್ಯಗಳಲ್ಲಿ ಇಂಥ ಟ್ರಕ್ಕುಗಳಿಗೆಂದೇ ಒಂದು ವೃತ್ತಿಪರ ವರ್ಗವಿತ್ತು. ಇಂದಿಗೂ ವಾರವೆಲ್ಲ ಕೆಲಸಕ್ಕೆ ದುಡಿದ ಟ್ರಕ್ಕನ್ನು ವಾರದ ಕೊನೆಯಲ್ಲಿ ಪಂದ್ಯಕ್ಕೆ ತರುವ ಹವ್ಯಾಸಿಗಳು ಅಲ್ಲಿ ಅನೇಕರು. ಅಂಥವನೊಬ್ಬನನ್ನು ಬಹಳವಾಗಿ ಕಾಡುವ ಪ್ರಶ್ನೆ ಇದು: ಹಿಂದಿನ ಅಚ್ಚಿನಲ್ಲಿ ಯಾವ ಗೇರು ನಿಷ್ಪತ್ತಿಯನ್ನು ಹಾಕಿಸಬೇಕು? ಅಂಗಡಿಯಲ್ಲಿ ೩.೦೮, ೩.೫೫, ೩.೭೩, ೪.೧೦, ೪.೫೬, ೪.೮೮ ಎಂದು ಬಗೆಬಗೆಯ ಜೋಡಿಗಳು ದೊರೆಯುತ್ತವೆ. ತಪ್ಪು ಜೋಡಿಯನ್ನು ಕೊಂಡರೆ ಹಣವೂ ಹೋಯಿತು, ಪಂದ್ಯವೂ ಹೋಯಿತು. ಕೆಲವು ವೇಳೆ ಎಂಜಿನೂ ಹೋಯಿತು. ಅಂಕಿ ದೊಡ್ಡದಾದಷ್ಟೂ ಓಟ ಚುರುಕಾಗುವುದೆಂದು ಮೊದಲ ನೋಟಕ್ಕೆ ತೋರುತ್ತದೆ. ಅದು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಪರೀಕ್ಷಿಸೋಣ.

ನಿಷ್ಪತ್ತಿ ಎಂದರೇನು?

ಎಂಜಿನಿನಿಂದ ಹೊರಟ ತಿರುಗಾಟವು ಮೊದಲು ಗೇರುಪೆಟ್ಟಿಗೆಯನ್ನು ಹೊಕ್ಕು, ಅಲ್ಲಿಂದ ಉದ್ದವಾದ ಒಂದು ದಂಡದ ಮೂಲಕ ಹಿಂದಿನ ಅಚ್ಚಿಗೆ ಬರುತ್ತದೆ. ದಂಡದ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವಿದೆ. ಅದು ಕಿರೀಟಚಕ್ರ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಕಿರೀಟಚಕ್ರದಿಂದ ತಿರುಗಾಟವು ಎಡಬಲದ ಚಕ್ರಗಳಿಗೆ ಹಂಚಿಹೋಗುತ್ತದೆ. ಪಿನಿಯನ್ನಿನಲ್ಲಿ ೧೦ ಹಲ್ಲುಗಳೂ ಕಿರೀಟಚಕ್ರದಲ್ಲಿ ೪೧ ಹಲ್ಲುಗಳೂ ಇದ್ದರೆ, ಚಕ್ರಗಳು ಒಂದು ಸುತ್ತು ತಿರುಗಬೇಕಾದರೆ ದಂಡವು ೪.೧೦ ಸುತ್ತು ತಿರುಗಬೇಕು. ಇದೇ ಆ ಅಚ್ಚಿನ ನಿಷ್ಪತ್ತಿ.

೪ ಎಂಬ ಪೂರ್ಣಸಂಖ್ಯೆಯನ್ನು ಬಿಟ್ಟು ೪.೧೦, ೩.೭೩ ಎಂಬ ವಕ್ರ ಸಂಖ್ಯೆಗಳೇಕೆ ಎಂದು ವಾಚಕರು ಕೇಳಬಹುದು. ೪೦ ಹಲ್ಲುಗಳಿಗೆ ೧೦ ಹಲ್ಲುಗಳನ್ನು ಹೊಂದಿಸಿದರೆ ಪಿನಿಯನ್ನಿನ ಒಂದೊಂದು ಹಲ್ಲೂ ಕಿರೀಟಚಕ್ರದ ಅವೇ ನಾಲ್ಕು ಹಲ್ಲುಗಳನ್ನು ಮತ್ತೆ ಮತ್ತೆ ಸಂಧಿಸುತ್ತದೆ. ಒಂದು ಹಲ್ಲಿನಲ್ಲಿ ಸಣ್ಣ ದೋಷವಿದ್ದರೆ ಆ ನಾಲ್ಕೂ ಬೇಗ ಸವೆಯುತ್ತವೆ. ೪೧ ಮತ್ತು ೧೦ರ ನಡುವೆ ಸಾಮಾನ್ಯ ಅಪವರ್ತನವಿಲ್ಲ. ಆದುದರಿಂದ ಪ್ರತಿಯೊಂದು ಹಲ್ಲೂ ಸರದಿಯಂತೆ ಎದುರು ಚಕ್ರದ ಎಲ್ಲ ಹಲ್ಲುಗಳನ್ನೂ ಸಂಧಿಸಿ ಸವೆತವನ್ನು ಸಮನಾಗಿ ಹಂಚಿಕೊಳ್ಳುತ್ತದೆ. ೪೧ಕ್ಕೆ ೧೧ ಹಲ್ಲುಗಳಾದರೆ ೩.೭೩, ೩೯ಕ್ಕೆ ೧೧ ಆದರೆ ೩.೫೫, ೪೧ಕ್ಕೆ ೯ ಆದರೆ ೪.೫೬. ಗಣಿತದ ಪಾಠದಲ್ಲಿ ನಾವು ಕಲಿತ ಮಹತ್ತಮ ಅಪವರ್ತನದ ವಿಚಾರವು ಇಲ್ಲಿ ಉಕ್ಕಿನಲ್ಲಿ ಮೂಡಿ ನಿಂತಿದೆ.

ಹಲ್ಲುಚಕ್ರವು ಸನ್ನೆಗೋಲಿನ ಬಂಧು. ಸನ್ನೆಗೋಲಿನಿಂದ ಬಂಡೆಯನ್ನು ಎತ್ತುವಾಗ ಬಲವು ಹೆಚ್ಚುತ್ತದೆ; ಆದರೆ ನಮ್ಮ ಕೈ ಬಹುದೂರ ಚಲಿಸಿದರೆ ಬಂಡೆ ಅಂಗುಲದಷ್ಟೇ ಏಳುತ್ತದೆ. ೪.೧೦ರ ನಿಷ್ಪತ್ತಿಯು ಎಂಜಿನಿನ ತಿರುಗುಬಲವನ್ನು ೪.೧೦ರಷ್ಟು ಹೆಚ್ಚಿಸುತ್ತದೆ, ತಿರುಗುವೇಗವನ್ನು ಅಷ್ಟೇ ಪಾಲು ತಗ್ಗಿಸುತ್ತದೆ. ತಿರುಗುಬಲ ಮತ್ತು ತಿರುಗುವೇಗಗಳ ಗುಣಲಬ್ಧವೇ ಸಾಮರ್ಥ್ಯ. ಅದು ಎಷ್ಟಿತ್ತೋ ಅಷ್ಟೇ ಉಳಿಯುತ್ತದೆ. ಹಲ್ಲುಗಳ ಉಜ್ಜಾಟದಲ್ಲಿ ಸ್ವಲ್ಪ ಕಡಿಮೆಯೂ ಆಗುತ್ತದೆ. ಹಲ್ಲುಚಕ್ರವು ಸಾಮರ್ಥ್ಯವನ್ನು ಎಂದಿಗೂ ಸೃಷ್ಟಿಸುವುದಿಲ್ಲ. ಈ ಮಾತನ್ನು ಮರೆತವರೇ ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿಯನ್ನು ಕೇಳುತ್ತಾರೆ.

ಹಾಗಾದರೆ ನಿಷ್ಪತ್ತಿಯಿಂದ ಪ್ರಯೋಜನವೇನು? ಪೆಟ್ರೋಲು ಎಂಜಿನು ಎಲ್ಲ ತಿರುಗುವೇಗಗಳಲ್ಲಿಯೂ ಒಂದೇ ಸಾಮರ್ಥ್ಯವನ್ನು ಕೊಡುವುದಿಲ್ಲ. ಮೆಲ್ಲನೆ ತಿರುಗುವಾಗ ಅದು ದುರ್ಬಲ. ಒಂದು ನಿರ್ದಿಷ್ಟ ತಿರುಗುವೇಗದಲ್ಲಿ ಅದರ ಸಾಮರ್ಥ್ಯ ತುತ್ತತುದಿಯನ್ನು ಮುಟ್ಟುತ್ತದೆ. ಅದನ್ನು ಮೀರಿದರೆ ಮತ್ತೆ ಇಳಿಯುತ್ತದೆ. ವಾಹನದ ವೇಗ ಯಾವುದೇ ಇರಲಿ, ಎಂಜಿನನ್ನು ಆ ತುದಿಯ ಸಮೀಪದಲ್ಲಿ ಇರಿಸುವುದೇ ಹಲ್ಲುಚಕ್ರಗಳ ಕೆಲಸ.

ಗೆರೆಯಿಂದ ಹಿಂದಕ್ಕೆ ಲೆಕ್ಕ

ಈಗ ಒಂದು ಟ್ರಕ್ಕನ್ನು ಕಲ್ಪಿಸಿಕೊಳ್ಳೋಣ. ಚಾಲಕನೂ ಸೇರಿ ಅದರ ದ್ರವ್ಯರಾಶಿ ೧,೮೦೦ ಕಿಲೋಗ್ರಾಂ. ಅದರ ಎಂಜಿನು ನಿಮಿಷಕ್ಕೆ ೫,೫೦೦ ಸುತ್ತುಗಳಲ್ಲಿ ೪೦೦ ಅಶ್ವಶಕ್ತಿಯನ್ನು, ಎಂದರೆ ಸುಮಾರು ೨೯೮ ಕಿಲೋವ್ಯಾಟ್ ಸಾಮರ್ಥ್ಯವನ್ನು ಕೊಡುತ್ತದೆ. ೬,೦೦೦ ಸುತ್ತುಗಳನ್ನು ಅದು ಮೀರಬಾರದು. ಹಿಂದಿನ ಟೈರಿನ ವ್ಯಾಸ ೭೧ ಸೆಂಟಿಮೀಟರು, ಪರಿಧಿ ೨.೨೩ ಮೀಟರು. ಗೇರುಪೆಟ್ಟಿಗೆ ಸ್ವಯಂಚಾಲಿತವಾದುದು, ಅದರ ಮೂರು ಗೇರುಗಳ ನಿಷ್ಪತ್ತಿ ೨.೫, ೧.೫ ಮತ್ತು ೧. ಮೂರನೆಯ ಗೇರಿನಲ್ಲಿ ದಂಡವು ಗೇರುಪೆಟ್ಟಿಗೆಗೆ ಬಂದಷ್ಟೇ ಸುತ್ತುಗಳನ್ನು ಸುತ್ತುತ್ತದೆ.

ಗೆರೆಯನ್ನು ದಾಟುವಾಗ ಈ ಟ್ರಕ್ಕಿನ ವೇಗವೆಷ್ಟಿರಬಹುದು? ಕಾಲೇಜಿನ ಭೌತಶಾಸ್ತ್ರದಿಂದಲೇ ಇದನ್ನು ಅಂದಾಜು ಮಾಡಬಹುದು. ಎಂಜಿನು ಓಟದುದ್ದಕ್ಕೂ ಒಂದೇ ಸಾಮರ್ಥ್ಯವನ್ನು ಕೊಡುತ್ತಿದೆ ಎಂದಿಟ್ಟುಕೊಳ್ಳೋಣ. ಸಾಮರ್ಥ್ಯವನ್ನು ಕಾಲದಿಂದ ಗುಣಿಸಿದರೆ ದೊರೆಯುವ ಶಕ್ತಿಯೇ ಟ್ರಕ್ಕಿನ ಚಲನಶಕ್ತಿ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದರಿಂದ ವೇಗವು ಕಾಲದ ವರ್ಗಮೂಲದಂತೆ ಏರುತ್ತದೆ: ಮೊದಲು ಥಟ್ಟನೆ, ಆಮೇಲೆ ನಿಧಾನವಾಗಿ. ಹೀಗೆ ಏರುವ ವೇಗದ ಸರಾಸರಿಯು ಕೊನೆಯ ವೇಗದ ಮೂರರಲ್ಲಿ ಎರಡು ಪಾಲು. ಇವೆರಡನ್ನು ಸೇರಿಸಿದರೆ, ಸಾಮರ್ಥ್ಯ ಮತ್ತು ದೂರಗಳ ಗುಣಲಬ್ಧವನ್ನು ಮೂರರಿಂದ ಗುಣಿಸಿ ದ್ರವ್ಯರಾಶಿಯಿಂದ ಭಾಗಿಸಿದಾಗ ಬರುವ ಸಂಖ್ಯೆಯ ಘನಮೂಲವೇ ಕೊನೆಯ ವೇಗ ಎಂದು ತಿಳಿಯುತ್ತದೆ. ನಮ್ಮ ಟ್ರಕ್ಕಿಗೆ ಇದು ಸೆಕೆಂಡಿಗೆ ೫೮ ಮೀಟರು, ಎಂದರೆ ಗಂಟೆಗೆ ೨೧೦ ಕಿಲೋಮೀಟರು.

ವಾಸ್ತವದಲ್ಲಿ ಇಷ್ಟು ದೊರೆಯದು. ಗಾಳಿಯ ತಡೆ, ಹಲ್ಲುಗಳ ಘರ್ಷಣೆ, ತಿರುಗುವ ಭಾಗಗಳ ಜಡತೆ, ಓಟದ ಆರಂಭದಲ್ಲಿ ಟೈರಿನ ಜಾರುವಿಕೆ ಇವೆಲ್ಲ ತಮ್ಮ ತಮ್ಮ ಪಾಲನ್ನು ಕಿತ್ತುಕೊಳ್ಳುತ್ತವೆ. ಪಂದ್ಯದ ದಾರಿಗಳ ಅನುಭವದಂತೆ ಲೆಕ್ಕದ ವೇಗದ ಆರರಲ್ಲಿ ಐದು ಪಾಲು ಕೈಗೆ ಬರುತ್ತದೆ. ಆದುದರಿಂದ ನಮ್ಮ ಟ್ರಕ್ಕು ಗಂಟೆಗೆ ಸುಮಾರು ೧೭೫ ಕಿಲೋಮೀಟರು, ಎಂದರೆ ಸೆಕೆಂಡಿಗೆ ೪೮.೬ ಮೀಟರು ವೇಗದಲ್ಲಿ ಗೆರೆಯನ್ನು ದಾಟುತ್ತದೆ. ಸರಾಸರಿ ವೇಗ ಇದರ ಮೂರರಲ್ಲಿ ಎರಡು ಪಾಲಾದುದರಿಂದ ಓಟದ ಕಾಲ ೧೨.೪ ಸೆಕೆಂಡು. ಈಗಾಗಲೇ ಓಡಿರುವ ಟ್ರಕ್ಕಾದರೆ ಈ ಅಂದಾಜು ಬೇಕಿಲ್ಲ. ಓಟದ ಕೊನೆಯ ೬೬ ಅಡಿಗಳಲ್ಲಿ ವೇಗವನ್ನು ಅಳೆದು ಚಾಲಕನಿಗೆ ಒಂದು ಚೀಟಿಯನ್ನು ಕೊಡುತ್ತಾರೆ; ಅದರಲ್ಲಿರುವ ವೇಗವನ್ನೇ ತೆಗೆದುಕೊಳ್ಳಬಹುದು.

ಇನ್ನುಳಿದುದು ಸುಲಭ. ಸೆಕೆಂಡಿಗೆ ೪೮.೬ ಮೀಟರು ಸಾಗಲು ೨.೨೩ ಮೀಟರು ಪರಿಧಿಯ ಚಕ್ರವು ನಿಮಿಷಕ್ಕೆ ಸುಮಾರು ೧,೩೦೮ ಸುತ್ತು ಸುತ್ತಬೇಕು. ಗೆರೆಯ ಬಳಿ ಎಂಜಿನು ತನ್ನ ಸಾಮರ್ಥ್ಯದ ತುದಿಯನ್ನು ಕೊಂಚವೇ ದಾಟಿ ೫,೭೦೦ ಸುತ್ತುಗಳಲ್ಲಿರಲಿ. ಎಂಜಿನಿಗೂ ಸ್ವಯಂಚಾಲಿತ ಗೇರುಪೆಟ್ಟಿಗೆಗೂ ನಡುವೆ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇರುವುದರಿಂದ ನೂರಕ್ಕೆ ಐದು ಸುತ್ತುಗಳು ಜಾರಿಹೋಗುತ್ತವೆ ಎಂದಿಟ್ಟುಕೊಳ್ಳೋಣ. ಆಗ ದಂಡಕ್ಕೆ ತಲುಪುವುದು ೫,೪೧೫ ಸುತ್ತು. ಇದನ್ನು ೧,೩೦೮ರಿಂದ ಭಾಗಿಸಿದರೆ ೪.೧೪. ಅಂಗಡಿಯಲ್ಲಿ ಇದಕ್ಕೆ ಅತಿ ಸಮೀಪದ ಜೋಡಿ ೪.೧೦. ಅದನ್ನು ಹಾಕಿದರೆ ಗೆರೆಯ ಬಳಿ ಎಂಜಿನು ಸುಮಾರು ೫,೬೫೦ ಸುತ್ತುಗಳಲ್ಲಿರುತ್ತದೆ. ಮುಂದೆ ಟ್ರಕ್ಕನ್ನು ಇನ್ನಷ್ಟು ಸುಧಾರಿಸಿ ವೇಗ ಗಂಟೆಗೆ ೧೮೦ ಕಿಲೋಮೀಟರಿಗೆ ಏರಿದರೂ ಎಂಜಿನು ೬,೦೦೦ದ ಒಳಗೇ ಇರುತ್ತದೆ.

ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ

ದೊಡ್ಡ ಅಂಕಿಯನ್ನು ಮೆಚ್ಚಿದವನು ೪.೮೮ ಅನ್ನು ಹಾಕಿಸಿದನೆನ್ನೋಣ. ಗೆರೆಯ ಬಳಿ ಅವನ ಎಂಜಿನು ೬,೭೦೦ಕ್ಕೂ ಮಿಗಿಲಾಗಿ ಸುತ್ತಬೇಕಾಗುತ್ತದೆ, ಅದಕ್ಕೆ ಅವಕಾಶವಿಲ್ಲ. ಗಂಟೆಗೆ ೧೫೬ ಕಿಲೋಮೀಟರು ವೇಗದಲ್ಲಿಯೇ ಎಂಜಿನು ೬,೦೦೦ದ ಮಿತಿಯನ್ನು ಮುಟ್ಟಿಬಿಡುತ್ತದೆ. ಓಡಿದ ದೂರವು ವೇಗದ ಘನಕ್ಕೆ ಅನುಗುಣವಾದುದರಿಂದ, ಈ ಘಟ್ಟ ಬರುವುದು ಸುಮಾರು ೨೮೫ ಮೀಟರು ಓಡಿದಾಗ. ಉಳಿದ ೧೧೫ ಮೀಟರುಗಳಷ್ಟು ದೂರವನ್ನು ಟ್ರಕ್ಕು ವೇಗವನ್ನು ಹೆಚ್ಚಿಸಿಕೊಳ್ಳಲಾರದೆ ಕ್ರಮಿಸುತ್ತದೆ. ಇದರಿಂದ ಆಗುವ ನಷ್ಟ ಸೆಕೆಂಡಿನ ನೂರರಲ್ಲಿ ೧೫ ಪಾಲು. ಇದು ಅಲ್ಪವೆಂದು ತೋರಬಹುದು. ಆದರೆ ಆ ವೇಗದಲ್ಲಿ ಅಷ್ಟು ಕಾಲವೆಂದರೆ ಏಳು ಮೀಟರು, ಒಂದು ಟ್ರಕ್ಕಿನ ಉದ್ದಕ್ಕಿಂತ ಹೆಚ್ಚು. ಮಿತಿಯನ್ನು ಕಾಯುವ ವಿದ್ಯುತ್ ಸಾಧನವಿಲ್ಲದ ಹಳೆಯ ಎಂಜಿನಾದರೆ ಸೋಲುವುದಷ್ಟೇ ಅಲ್ಲ, ಕವಾಟಗಳ ಸ್ಪ್ರಿಂಗುಗಳು ಸೋತು ಎಂಜಿನೇ ಮುರಿಯಬಹುದು. ಇನ್ನೊಂದು ತೊಂದರೆಯೂ ಉಂಟು. ನಿಷ್ಪತ್ತಿ ದೊಡ್ಡದಾಗಬೇಕಾದರೆ ಪಿನಿಯನ್ ಚಿಕ್ಕದಾಗಬೇಕು. ಚಿಕ್ಕ ಪಿನಿಯನ್ನಿನಲ್ಲಿ ಹಲ್ಲುಗಳು ಕಡಿಮೆ. ಏಕಕಾಲದಲ್ಲಿ ಹೊರೆಯನ್ನು ಹೊರುವ ಹಲ್ಲುಗಳೂ ಕಡಿಮೆ. ಆದುದರಿಂದ ಅದು ಬೇಗ ಮುರಿಯುತ್ತದೆ.

ಇದಕ್ಕೆ ವಿರುದ್ಧವಾಗಿ ೩.೦೮ ಅನ್ನೇ ಉಳಿಸಿಕೊಂಡವನ ಸ್ಥಿತಿಯನ್ನು ನೋಡೋಣ. ಅವನ ಟ್ರಕ್ಕು ಮೂರನೆಯ ಗೇರಿಗೆ ಬರುವ ಹೊತ್ತಿಗೆ ವೇಗವು ಗಂಟೆಗೆ ೧೫೦ ಕಿಲೋಮೀಟರನ್ನು ದಾಟಿರುತ್ತದೆ, ೪.೧೦ರವನಾದರೆ ೧೧೬ರಲ್ಲಿಯೇ ಆ ಗೇರಿಗೆ ಬಂದಿರುತ್ತಾನೆ. ೩.೦೮ರವನ ಎಂಜಿನು ಗೆರೆಯ ಬಳಿ ೪,೨೪೦ ಸುತ್ತುಗಳಷ್ಟನ್ನೂ ದಾಟಿರುವುದಿಲ್ಲ. ಅಲ್ಲಿ ಅದು ತನ್ನ ಪೂರ್ಣ ಸಾಮರ್ಥ್ಯದ ಆರರಲ್ಲಿ ಐದು ಪಾಲನ್ನಷ್ಟೇ ಕೊಡುತ್ತಿರುತ್ತದೆ. ಹಣ ಕೊಟ್ಟು ಕೊಂಡ ೪೦೦ ಅಶ್ವಗಳಲ್ಲಿ ಅರುವತ್ತು ಎಪ್ಪತ್ತು ಅಶ್ವಗಳು ಲಾಯದಲ್ಲಿಯೇ ನಿಂತಂತಾಯಿತು.

ಟೈರಿನ ವ್ಯಾಸವನ್ನೂ ಈ ಲೆಕ್ಕದಲ್ಲಿ ಮರೆಯುವಂತಿಲ್ಲ. ೭೧ ಸೆಂಟಿಮೀಟರಿನ ಬದಲು ೭೬ ಸೆಂಟಿಮೀಟರಿನ ಟೈರನ್ನು ಹಾಕಿದರೆ ೪.೧೦ರ ಅಚ್ಚು ೩.೮೩ರ ಅಚ್ಚಿನಂತೆ ವರ್ತಿಸುತ್ತದೆ. ಪಂದ್ಯಕ್ಕೆಂದೇ ಮಾಡಿದ ಮೆದುವಾದ ಟೈರುಗಳು ವೇಗವಾಗಿ ತಿರುಗುವಾಗ ಹೊರಕ್ಕೆ ಉಬ್ಬುವುದೂ ಉಂಟು. ಟೈರನ್ನು ಬದಲಾಯಿಸಿದವನು ನಿಷ್ಪತ್ತಿಯನ್ನು ತನಗರಿವಿಲ್ಲದೆಯೇ ಬದಲಾಯಿಸಿರುತ್ತಾನೆ.

ಹೊರಡುವ ಗೆರೆಯ ನ್ಯಾಯ

ಇಷ್ಟು ಹೊತ್ತು ನಾವು ಮುಗಿಯುವ ಗೆರೆಯನ್ನು ಕುರಿತು ವಿಚಾರ ಮಾಡಿದೆವು. ಹೊರಡುವ ಗೆರೆಯ ನ್ಯಾಯವೇ ಬೇರೆ. ಅಲ್ಲಿ ಎಂಜಿನು ಎಷ್ಟು ತಳ್ಳಬಲ್ಲುದು ಎಂಬುದಕ್ಕಿಂತ ಟೈರು ಎಷ್ಟು ಹಿಡಿಯಬಲ್ಲುದು ಎಂಬುದು ಮುಖ್ಯ. ಟೈರಿನ ಹಿಡಿತವು ಅದರ ಮೇಲಿನ ಭಾರವನ್ನೂ ಘರ್ಷಣಾಂಕವನ್ನೂ ಅವಲಂಬಿಸಿದೆ. ತೊಟ್ಟಿ ಬರಿದಾದ ಪಿಕಪ್ ಟ್ರಕ್ಕಿನಲ್ಲಿ ಭಾರದ ಹೆಚ್ಚಿನ ಪಾಲು ಮುಂದಿರುವ ಎಂಜಿನಿನದು. ಹಿಂದಿನ ಚಕ್ರಗಳ ಮೇಲೆ ನೂರಕ್ಕೆ ನಲವತ್ತು ಪಾಲು ಮಾತ್ರ ಇದೆಯೆನ್ನೋಣ. ಟ್ರಕ್ಕು ಈ ಪಂದ್ಯಕ್ಕೆ ಒಗ್ಗದ ವಾಹನವಾಗಿರುವುದು ಇದರಿಂದಲೇ.

ಅದೃಷ್ಟವಶಾತ್ ವೇಗೋತ್ಕರ್ಷವೇ ಇಲ್ಲಿ ಸ್ವಲ್ಪ ನೆರವಾಗುತ್ತದೆ. ಬಸ್ಸು ಥಟ್ಟನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವಂತೆ ಟ್ರಕ್ಕಿನ ಭಾರವೂ ಹಿಂದಿನ ಅಚ್ಚಿನ ಕಡೆಗೆ ಸರಿಯುತ್ತದೆ. ಗುರುತ್ವಕೇಂದ್ರವು ನೆಲದಿಂದ ೦.೬ ಮೀಟರು ಎತ್ತರದಲ್ಲಿದ್ದು ಮುಂದಿನ ಹಿಂದಿನ ಅಚ್ಚುಗಳ ನಡುವೆ ೩ ಮೀಟರು ದೂರವಿದ್ದರೆ, ವೇಗೋತ್ಕರ್ಷವು ಗುರುತ್ವದ ಅರ್ಧದಷ್ಟಿರುವಾಗ ಒಟ್ಟು ಭಾರದ ಹತ್ತನೆಯ ಒಂದು ಪಾಲು ಹಿಂದಕ್ಕೆ ವರ್ಗವಾಗುತ್ತದೆ. ಇದನ್ನೂ ಸೇರಿಸಿ ಲೆಕ್ಕ ಹಾಕಿದರೆ, ಘರ್ಷಣಾಂಕ ೦.೮ ಇರುವ ಸಾಧಾರಣ ಟೈರು ಹಿಡಿಯಬಲ್ಲುದು ಸುಮಾರು ೬,೭೦೦ ನ್ಯೂಟನ್; ೧.೧ ಇರುವ ಪಂದ್ಯದ ಟೈರು ಸುಮಾರು ೧೦,೦೦೦ ನ್ಯೂಟನ್.

ಎಂಜಿನು ತಳ್ಳುವುದೆಷ್ಟು? ಅದರ ಅತ್ಯಧಿಕ ತಿರುಗುಬಲ ೫೬೦ ನ್ಯೂಟನ್ ಮೀಟರು ಎಂದಿಟ್ಟುಕೊಂಡು, ನೂರಕ್ಕೆ ೧೫ ಪಾಲು ದಾರಿಯಲ್ಲಿ ನಷ್ಟವಾಯಿತೆಂದು ಕಳೆದರೆ, ಮೊದಲ ಗೇರಿನಲ್ಲಿ ೩.೦೮ರ ಅಚ್ಚು ಟೈರಿನ ಅಂಚಿನಲ್ಲಿ ಸುಮಾರು ೧೦,೩೦೦ ನ್ಯೂಟನ್ ಬಲವನ್ನು ಕೊಡುತ್ತದೆ, ೪.೧೦ರದು ೧೩,೭೦೦, ೪.೮೮ರದು ೧೬,೪೦೦. ಟಾರ್ಕ್ ಕನ್ವರ್ಟರ್ ಹೊರಡುವ ಕ್ಷಣದಲ್ಲಿ ಇದನ್ನು ಇನ್ನೂ ಹೆಚ್ಚಿಸುತ್ತದೆ. ಎಲ್ಲಕ್ಕಿಂತ ಚಿಕ್ಕ ನಿಷ್ಪತ್ತಿಯೂ ಪಂದ್ಯದ ಟೈರಿನ ಹಿಡಿತವನ್ನು ಮುಟ್ಟಿದೆ. ಸಾಧಾರಣ ಟೈರಿನ ಹಿಡಿತವನ್ನಂತೂ ಬಹಳವಾಗಿ ಮೀರಿದೆ. ಹಿಡಿತ ತಪ್ಪಿದ ಟೈರು ಹೊಗೆಯೆಬ್ಬಿಸುತ್ತ ನಿಂತಲ್ಲೇ ತಿರುಗುತ್ತದೆ. ಜಾರುವ ಟೈರಿನ ಘರ್ಷಣೆಯು ಜಾರದ ಟೈರಿನದಕ್ಕಿಂತ ಕಡಿಮೆಯಾದುದರಿಂದ ಆ ಹೊಗೆ ಬರಿಯ ನಷ್ಟದ ಗುರುತು. ಹಾಗಾದುದರಿಂದ ಟೈರು ಸಾಲದ ಟ್ರಕ್ಕಿಗೆ ದೊಡ್ಡ ನಿಷ್ಪತ್ತಿಯನ್ನು ಹಾಕುವುದೆಂದರೆ ಒಡೆದ ಕೊಡಕ್ಕೆ ಇನ್ನಷ್ಟು ನೀರು ಹೊಯ್ದಂತೆ. ಬಲ್ಲವರು ಮೊದಲು ಟೈರನ್ನೂ ಸ್ಪ್ರಿಂಗುಗಳನ್ನೂ ಸರಿಪಡಿಸಿ, ಆಮೇಲೆ ಗೆರೆಯ ವೇಗವನ್ನು ಅಳೆದು, ಎಲ್ಲಕ್ಕೂ ಕೊನೆಗೆ ಹಲ್ಲುಚಕ್ರಗಳನ್ನು ಕೊಳ್ಳುತ್ತಾರೆ.

ಭಾರವನ್ನು ಹಿಂದಕ್ಕೆ ಸರಿಸುವುದಕ್ಕೂ ಒಂದು ಎಲ್ಲೆಯಿದೆ ಎಂಬುದನ್ನು ತೋರಿಸಿದ ಟ್ರಕ್ಕೊಂದು ಈ ಕ್ರೀಡೆಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ೧೯೬೦ರ ದಶಕದ ನಡುವಿನಲ್ಲಿ ಡಾಡ್ಜ್ ಕಂಪೆನಿಯ ಎ-೧೦೦ ಎಂಬ ಗಿಡ್ಡ ಪಿಕಪ್ಪಿನಲ್ಲಿ ೪೨೬ ಘನ ಅಂಗುಲದ ಹೆಮಿ ಎಂಜಿನನ್ನು ಚಾಲಕನ ಹಿಂದೆ ಕೂರಿಸಿದರು. ಹಿಡಿತವೇನೋ ಬೇಕಾದಷ್ಟು ದೊರೆಯಿತು. ಆದರೆ ಹೊರಟೊಡನೆ ಮುಂದಿನ ಚಕ್ರಗಳು ನೆಲವನ್ನು ಬಿಟ್ಟು ಮೇಲಕ್ಕೆ ಎದ್ದವು! ಪಂದ್ಯಕ್ಕೆಂದು ಕಟ್ಟಿದ ಆ ವಾಹನವು ಬಿಲ್ ಗೋಲ್ಡನ್ ಎಂಬ ಚಾಲಕನ ಕೈಯಲ್ಲಿ ಹಿಂದಿನ ಎರಡು ಚಕ್ರಗಳ ಮೇಲೆಯೇ ಓಡುವ ಪ್ರದರ್ಶನದ ವಾಹನವಾಗಿ ಹೆಸರಾಯಿತು. ಜನರು ಅದನ್ನು ಲಿಟಲ್ ರೆಡ್ ವ್ಯಾಗನ್ ಎಂದು ಕರೆದರು.

ವಾರದ ಉಳಿದ ದಿನಗಳು

ಟ್ರಕ್ಕು ಪಂದ್ಯಕ್ಕಷ್ಟೇ ಮೀಸಲಾಗಿದ್ದರೆ ನಮ್ಮ ಲೆಕ್ಕ ಇಲ್ಲಿಗೆ ಮುಗಿಯುತ್ತಿತ್ತು. ಅದೇ ವಾಹನದಲ್ಲಿ ಕೆಲಸಕ್ಕೂ ಹೋಗಬೇಕಾದವನು ಇನ್ನೊಂದು ಲೆಕ್ಕವನ್ನು ಹಾಕಬೇಕು. ಗಂಟೆಗೆ ೧೦೦ ಕಿಲೋಮೀಟರು ವೇಗದಲ್ಲಿ, ಜಾರಿಕೆಯನ್ನು ಬಿಟ್ಟು ಎಣಿಸಿದರೂ, ೩.೦೮ರ ಅಚ್ಚಿನಲ್ಲಿ ಎಂಜಿನು ೨,೩೦೦ ಸುತ್ತು ಸುತ್ತಿದರೆ ಸಾಕು, ೪.೧೦ರಲ್ಲಿ ೩,೦೬೦ ಸುತ್ತಬೇಕು. ಪ್ರತಿ ಕಿಲೋಮೀಟರಿಗೂ ಮೂರನೆಯ ಒಂದು ಪಾಲು ಹೆಚ್ಚು ಸುತ್ತು ಎಂದರೆ ಹೆಚ್ಚು ಸದ್ದು, ಹೆಚ್ಚು ಸವೆತ, ಹೆಚ್ಚು ಪೆಟ್ರೋಲು. ಕಾರ್ಖಾನೆಗಳು ಸಾಮಾನ್ಯವಾಗಿ ನಡುವಣ ದಾರಿಯನ್ನು ಹಿಡಿಯುವುದು ಇದಕ್ಕಾಗಿಯೇ. ೧೯೭೮ರಲ್ಲಿ ಡಾಡ್ಜ್ ಕಂಪೆನಿಯು ಮಾರಾಟಕ್ಕೆ ತಂದ ಲಿಲ್ ರೆಡ್ ಎಕ್ಸ್‌ಪ್ರೆಸ್ ಎಂಬ ಪಿಕಪ್ಪು ಆ ಕಾಲದ ಅಮೆರಿಕದ ಅನೇಕ ಕ್ರೀಡಾಕಾರುಗಳನ್ನು ನಾಚಿಸುವಷ್ಟು ಚುರುಕಾಗಿತ್ತು. ಆದರೂ ಅದರ ಹಿಂದಿನ ಅಚ್ಚಿನ ನಿಷ್ಪತ್ತಿ ೩.೫೫ ಮಾತ್ರ.

ಈ ತೊಡಕಿಗೆ ಗೇರುಪೆಟ್ಟಿಗೆಯೇ ಮುಂದೆ ಒಂದು ಪರಿಹಾರವನ್ನು ಒದಗಿಸಿತು. ೧೯೮೦ರ ದಶಕದ ಮೊದಲಲ್ಲಿ ಅಮೆರಿಕದ ವಾಹನಗಳಿಗೆ ೦.೭೦ ನಿಷ್ಪತ್ತಿಯ ನಾಲ್ಕನೆಯ ಗೇರುಳ್ಳ ಸ್ವಯಂಚಾಲಿತ ಪೆಟ್ಟಿಗೆಗಳು ಬಂದವು. ಇಂಥದರಲ್ಲಿ ದಂಡವು ಎಂಜಿನಿಗಿಂತ ವೇಗವಾಗಿ ತಿರುಗುತ್ತದೆ. ೪.೧೦ರ ಅಚ್ಚಿದ್ದರೂ ಹೆದ್ದಾರಿಯಲ್ಲಿ ಎಂಜಿನು ೨,೧೪೦ ಸುತ್ತುಗಳಿಗೆ ಇಳಿಯುತ್ತದೆ. ಪಂದ್ಯದ ದಿನ ಮೂರನೆಯ ಗೇರಿನಲ್ಲಿ ಗೆರೆಯನ್ನು ದಾಟಬಹುದು, ಉಳಿದ ದಿನಗಳಲ್ಲಿ ನಾಲ್ಕನೆಯದರಲ್ಲಿ ಹಗುರಾಗಿ ಸಾಗಬಹುದು.

ಮೇಲಿನ ವಿಚಾರವನ್ನೆಲ್ಲ ಒಟ್ಟುಗೂಡಿಸಿದರೆ ದೊರೆಯುವ ತಿಳಿವು ಇದು. ತನ್ನಷ್ಟಕ್ಕೇ ಒಳ್ಳೆಯದಾದ ನಿಷ್ಪತ್ತಿ ಎಂಬುದಿಲ್ಲ. ಒಂದು ಎಂಜಿನಿಗೆ, ಒಂದು ಅಳತೆಯ ಟೈರಿಗೆ, ಒಂದು ಭಾರಕ್ಕೆ, ಒಂದು ದೂರಕ್ಕೆ ಹೊಂದುವ ನಿಷ್ಪತ್ತಿ ಮಾತ್ರ ಇದೆ. ಇವುಗಳಲ್ಲಿ ಒಂದು ಬದಲಾದರೂ ಉತ್ತರವು ಬದಲಾಗುತ್ತದೆ. ನೆರೆಯವನು ೪.೫೬ರಿಂದ ಗೆದ್ದನೆಂದು ತಾನೂ ಅದನ್ನೇ ಕೊಳ್ಳುವವನು ನೆರೆಯವನ ಕನ್ನಡಕವನ್ನು ಧರಿಸಿದವನಂತೆ.

ಈ ಲೆಕ್ಕವನ್ನು ಮಾಡಿ ನೋಡಲು ನಮಗೆ ಪಂದ್ಯದ ದಾರಿಯೂ ಬೇಡ, ಟ್ರಕ್ಕೂ ಬೇಡ. ಊರ ರಸ್ತೆಯಲ್ಲಿ ವೇಗದ ಪಂದ್ಯಕ್ಕಿಳಿಯುವ ಸಾಹಸವಂತೂ ಬೇಡವೇ ಬೇಡ. ಮನೆಯಲ್ಲಿ ಸೈಕಲ್ಲಿದ್ದರೆ ಸಾಕು. ತುಳಿಯುವ ಪೆಡಲಿನ ಬಳಿಯಿರುವ ದೊಡ್ಡ ಚಕ್ರದ ಹಲ್ಲುಗಳನ್ನೂ ಹಿಂದಿನ ಚಿಕ್ಕ ಚಕ್ರದ ಹಲ್ಲುಗಳನ್ನೂ ಎಣಿಸಿರಿ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಟೈರಿನ ಪರಿಧಿಯಿಂದ ಗುಣಿಸಿದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಎಷ್ಟು ದೂರ ಸಾಗುತ್ತದೆ ಎಂಬುದು ತಿಳಿಯುತ್ತದೆ. ನೆಲದ ಮೇಲೆ ಗುರುತು ಮಾಡಿ ಅಳೆದು ನೋಡಿರಿ. ಬಳಿಕ ಅದೇ ಸೈಕಲ್ಲನ್ನು ಒಂದು ಏರಿನಲ್ಲಿ ತುಳಿದರೆ, ಕಾಲು ಮೈಲಿಯ ಕಣದಲ್ಲಿ ಟ್ರಕ್ಕಿನ ಎಂಜಿನು ಏನನ್ನು ಅನುಭವಿಸುತ್ತದೆ ಎಂಬುದನ್ನು ನಿಮ್ಮ ಮೊಣಕಾಲುಗಳೇ ಹೇಳುತ್ತವೆ.